ಒಳಗ ಬಿಟ್ಟ ಅರಿವಿ

ನನ್ನ ಮಾಪಿನ ವಹಿಯಾಗ ನಲವತ್ತೊಂದನೇ ಪುಟ:
ಸುಗಲಾ, ಕಂಡಕ್ಟರ್, ಅಕ್ಕಲಕೋಟ ಡೆಪೋ.
ತೋಳು ಇಷ್ಟು, ಹೆಗಲು ಇಷ್ಟು,
ಎದಿ ಮಾತ್ರ ಎರಡು ಸಲ ಬರದೀನಿ.
ನಡುಗುಂಡಿಯಿಂದ ಬಲಕ್ಕ ಒಂಬತ್ತೂವರಿ,
ಎಡಕ್ಕ ಎಂಟು.

ಇಪ್ಪತ್ತಾರು ವರ್ಷ ಮೈಂದರ್ಗಿ ಸ್ಟ್ಯಾಂಡಿನ ಎದುರಿಗೆ
ಹೊಲಿಗಿ ಹಾಕೀನಿ ನಾನು, ಜೈನಬಿ.
ಯಾರ ಮೈಯೂ ಎರಡೂ ಕಡೆ ಸಮ ಇರೂದಿಲ್ಲ.
ಕಾಲು ಇಂಚು, ಅರ್ಧ ಇಂಚು ಬಾಯಿ ಬಿಟ್ಟು ಹೇಳೂದಿಲ್ಲ,
ಕತ್ರಿಗೆ ಹೇಳ್ತೀನಿ.
ಒಂದೂವರಿ ಇಂಚಿಗೆ ಕತ್ರಿ ಏನು ಮಾಡೀತು?

ಸೋಲಾಪುರದಾಗ ಗಂಟು ತಗದಿದ್ರು,
ಆಮ್ಯಾಲೆ ಇಪ್ಪತ್ತೈದು ದಿನ ಕರೆಂಟು ಕೊಟ್ಟಿದ್ರು.
ಗಂಟು ಹೋತು, ಗಂಟಿನ ಸುತ್ತಲಿಂದೂ ಹೋತು.
ಖಾಕಿ ಅಂಗಿ ಆ ಕಡೆ ಸುಮ್ಮನ ಜೋತು ಬೀಳ್ತಿತ್ತು,
ಚಿಲ್ಲರ ಚೀಲದ ಪಟ್ಟಿ ಅಲ್ಲೇ ಜಾರ್ತಿತ್ತು.

ನಾ ಹಳೇ ಗಾದಿಯ ಹತ್ತಿ ಹಿಂಜಿ
ಬಟ್ಟಲದಷ್ಟು ದಿಂಬು ಮಾಡಿ ಒಳಗ ಟಾಕಾ ಹಾಕಿದೆ.
ಮೇ ತಿಂಗಳ ದುಧನಿ ಬಸ್ಸು. ಬೆವರಿಗೆ ದಾರ ಕೊಳೀತು.
ನಾಗಣಸೂರ ತಿರುವಿನಾಗ ದಿಂಬು ಬಿತ್ತು.
ಸೀಟಿನ ಕೆಳಗಿಂದ ಒಬ್ಬ ಹುಡುಗ ಎತ್ತಿಕೊಟ್ಟ:
"ಬಾಯೀ, ನಿಮ್ಮ ಸೂಜಿ ಚುಚ್ಚೂ ದಿಂಬು."
ಆಕಿ ಇಸಕೊಂಡು ಚಿಲ್ಲರ ಜೋಡಿ ಚೀಲದಾಗ ಹಾಕಿ
ಅವಗ ಅರ್ಧ ತಿಕೀಟು ಕೊಟ್ಟಳಂತ.
ಹೇಳಿ ನಗ್ತಿದ್ಳು. ನಾನೂ ನಕ್ಕೆ.
ನಕ್ಕು ಮುಗಿದ ಮ್ಯಾಲೆ ಇಬ್ಬರೂ
ಬಾಬಿನ್ ನೋಡಕೋತ ಕುಂತ್ವಿ.

"ನಲವತ್ತೇಳರಾಗ ಯಾರಿಗೆ ತೋರಸಬೇಕಾಗ್ಯಾದ?"
ಅಂದಳಂತ ನೆಗೆಣ್ಣಿ.
"ಚೀಲದ ಪಟ್ಟಿಗೆ," ಅಂದಳಂತ ಇಕಿ.
ರಜಾ ಹಾಕಿ ಪುಣೆಗೆ ಹೋಗಿ ಬಂದ್ಳು.

ಹೊಟ್ಟಿಯಿಂದ ತಗದು ಎದಿಗೆ ಹಾಕ್ತಾರ, ಜೈನಬಿ,
ಸಣ್ಣ ಕೊಳವಿ ತೂರಿಸಿ ಎಳೀತಾರ,
ಗಿಣ್ಣದಂಗ ಹಳದಿ.
ಮಷೀನಿಗೆ ಹಾಕಿ ಗರಗರ ತಿರುಗಿಸಿದ್ರ
ಮ್ಯಾಲೆ ಎಣ್ಣಿ, ತಳದಾಗ ರಕ್ತ,
ನಡುವಿನದಷ್ಟೇ ಉಪಯೋಗ.
ಒಮ್ಮೆಲೆ ಸುರದ್ರ ಸಾಯ್ತದಂತ ಅದು.
ಹನಿ ಹನಿ ಹಾಕಬೇಕು, ಬ್ಯಾರೆ ಬ್ಯಾರೆ ಜಾಗದಾಗ,
ಪ್ರತಿ ಹನಿಗೂ ಮಗ್ಗಲಾಗ ರಕ್ತ ಸಿಗಬೇಕು.

ಅಷ್ಟು ಬಿಡಿಸಿ ಹೇಳಬ್ಯಾಡ, ಅಂದೆ.
ಕೌದಿ ಹೊಲಿಯೂದೂ ಹಂಗೇ.
ಟಾಕಾ ದೂರ ದೂರ ಬಿದ್ರ
ಒಳಗಿನ ಚಿಂದಿ ಮುದ್ದಿ ಆಗಿ ಕುಂಡರ್ತದ.

ಜಂಪರ್ ಹೊಲಿಯೂವಾಗ ನಾವು
ಪಕ್ಕಕ್ಕ ಒಂದು ಬೆರಳು ಅರಿವಿ ಒಳಗ ಮಡಚಿ ಬಿಡ್ತೀವಿ,
ಬಸುರಿಗೆ, ಬಾಣಂತನಕ್ಕ, ಹೊಟ್ಟಿ ತುಂಬ ಉಂಡ ವರ್ಷಕ್ಕ.
ಯಾರೂ ಕೇಳೂದಿಲ್ಲ, ರೇಟಿನಾಗೂ ಹಿಡಿಯೂದಿಲ್ಲ.
ಮೈಯೂ ಹಂಗ ಬಿಟ್ಟಿರ್ತದ ಅಂತ
ನಂಗ ಐವತ್ಮೂರನೇ ವರ್ಷಕ್ಕ ಗೊತ್ತಾತು.

ತಿಂಗಳೊಪ್ಪತ್ತಿಗೆ ಬಂದಾಗ ಎಡಕ್ಕ ಒಂಬತ್ತೂ ಮುಕ್ಕಾಲು.
ಬಲಕ್ಕಿಂತ ಹೆಚ್ಚು!
ಹೊಟ್ಟಿ ಮ್ಯಾಲೆ ಇನ್ನೂ ಹಸರು ಕಲಿ.
"ಒಂದಿಷ್ಟು ಕರಗಿ ಹೋಗ್ತದ, ಈಗ ಹೊಲೀಬ್ಯಾಡ," ಅಂದ್ಳು.
ದಸರಾ ಹೊತ್ತಿಗೆ ಒಂಬತ್ತು.
ಎಲ್ಲಿ ಇಟ್ಟರೂ ಹೊಟ್ಟಿ ಕೊಬ್ಬು ಹೊಟ್ಟಿ ಮರಿಯೂದಿಲ್ಲಂತ.
ಆಕಿ ಉಂಡು ದಪ್ಪಾದ್ರ ಅದೂ ದಪ್ಪ,
ಆಕಿ ಸೊರಗಿದ್ರ ಅದೂ ಸೊರಗ್ತದ.
"ಶ್ರಾವಣ ಸೋಮವಾರ ಬಿಟ್ಟೀನಿ," ಅಂದ್ಳು,
ತಿಕೀಟಿಲ್ಲದ ಸಿಕ್ಕವರಂಗ ಮಾರಿ ಮಾಡಿ.

ಇನ್ನೊಂದು ಸಲ ಹಾಕಿದ್ರ ಸಮ ಆಗ್ತದಂತಾರ ಡಾಕ್ಟರ್.
ರಜಾ ಇಲ್ಲ, ರೊಕ್ಕ ಇಲ್ಲ, ನೋಡೂಣು.
ಹೊಸ ಅಂಗಿ ತೊಟ್ಟು ಚೀಲ ಏರಿಸಿದ್ಳು.
ಪಟ್ಟಿ ಜಾರಲಿಲ್ಲ.
ಆದ್ರೂ ಆಕಿ ಕೈ ತಾನೇ ಎದ್ದು
ಹೆಗಲ ತನಕ ಹೋಗಿ, ಕೆಲಸ ಇಲ್ಲದ
ಇಳದು ಬಂತು.

ಅರ್ಧ ಇಂಚು ಒಳಗ ಬಿಟ್ಟೀನಿ, ಕತ್ತರಿಸಿಲ್ಲ.
ವಹಿಯಾಗ ಬಲದ ಅಂಕಿ ಪೆನ್ನಿಂದು,
ಎಡದ್ದು ಪೆನ್ಸಿಲ್ಲು.