ಐಸ್ ಇಲ್ಲ

ಆಷಾಢದಾಗ ನಮ್ಮ ಹೊಳಿ ಬಸುರಿ.
ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಕೆಂಪು ನೀರು ಸೇರಿತಂದ್ರ
ಹೊಟ್ಟಿ ತುಂಬ ತತ್ತಿ ಹೊತ್ತ ಬಾಳಿಮೀನ
ದಂಡಿ ಹುಲ್ಲಿಗೆ ಮೈ ತಿಕ್ಕಾಕ ಬರತಾವ.
ಆ ಎರಡು ತಿಂಗಳು ಬಲಿ ಬಿಡಬಾರದು
ಅಂತ ಬೋರ್ಡ್ ಐತಿ. ಬೋರ್ಡಿನ ಮ್ಯಾಲೆ
ಯಾರೋ ಬಲಿ ಒಣಗಹಾಕ್ಯಾರ.

ಮೈದುನ ಯಂಕೋಬ ಅಂತ ಊರು ಅಂತೈತಿ,
ನಾ ಅನ್ನಂಗಿಲ್ಲ.
ಅವನ ಹರಗೋಲಿನ ನಂಬರ ಈ ದಂಡ್ಯಾಗ ಮೂರು,
ನಡುಹೊಳಿ ದಾಟಿ ಸುಣ್ಣದ ಕೈ ಆಡಿಸಿದ ಅಂದ್ರ ಎಂಟು.
ಗದಗಿನವರು ಬೆನ್ನು ಹತ್ತಿದ್ರ ಆಚೆ ದಂಡ್ಯಾಗ ಮಲಗತಾನ,
ವಿಜಯನಗರದವರು ಬಂದ್ರ ನನ್ನ ಮನ್ಯಾಗ ಉಣತಾನ.
ಹೊಳಿ ನಡುವ ಗೆರಿ ಎಳದವರು
ಅವನ ಸಲುವಾಗೇ ಎಳದಂಗೈತಿ.

ನಂದು ಐಸ್ ಫ್ಯಾಕ್ಟರಿ. ಫ್ಯಾಕ್ಟರಿ ಅಂದ್ರ
ಒಂದು ಕಂಪ್ರೆಸರ್, ಉಪ್ಪುನೀರಿನ ತೊಟ್ಟಿ, ಹನ್ನೆರಡು ಡಬ್ಬಿ,
ಕಟ್ಟಿಗಿ ಹೊಟ್ಟು, ಒಂದು ಕಡೆ ವಾಲೋ ತಕ್ಕಡಿ.

ಫಿಶರೀಸ್ ಮೇಡಂ ಬಂದ್ರು, ಅನುಸೂಯಾ ಬಾರಕೇರ.
ಜೀಪಿಲ್ಲ, ಸ್ಕೂಟಿ. ಇಷ್ಟುದ್ದ ಹೊಳಿಗೆ ಒಬ್ಬಾಕಿ.
ಚೀಲದಾಗಿಂದ ಮಡಚಿದ ಹಾಳಿ ತಗದು ಹೇಳಿದ್ರು:
ದೊಡ್ಡ ಸಮುದ್ರದಾಗೂ ಹಿಂಗ ಐತಿ, ಅಕ್ಕಾ.
ಮುಂಜಾನೆ ಒಂದು ದೇಶದ ಬಾವುಟ, ಸಂಜಿಗೆ ಇನ್ನೊಂದು,
ಹಡಗಿನ ಹೆಸರಿನ ಮ್ಯಾಲೆ ಹಸಿ ಬಣ್ಣ.
ಅಷ್ಟು ನೀರಾಗ ಯಾರು ಬೆನ್ನು ಹತ್ತಬೇಕು?
ಅದಕ್ಕ ನೂರರ ಹತ್ರ ದೇಶ ಕುಂತು ಮಾತಾಡ್ಯಾವ.
ಎಂದರೆ ಒಂದಿನ ದಂಡಿಗೆ ಬರಾಕಬೇಕಲ್ಲ ಅಂವ.
ಬಂದಾಗ ಎಣ್ಣಿ ಕೊಡೂದು ಬ್ಯಾಡ, ಐಸ್ ಕೊಡೂದು ಬ್ಯಾಡ,
ಮೀನ ಇಳಸಾಕ ಜಾಗ ಕೊಡೂದು ಬ್ಯಾಡ,
ಬಾಜೂ ಬಂದರಕ್ಕ ಸುದ್ದಿ ಮುಟ್ಟಿಸೂದು.

‘ನಮ್ಮ ದೇಶ ಸಹಿ ಮಾಡೇತೇನ್ರಿ?’ ಅಂದೆ.
ಮೇಡಂ ಚಾ ಕುಡದು ಮುಗಿಸಿದ್ರು.

ಆಮ್ಯಾಲೆ ಆಚೆ ದಂಡಿ ಐಸಿನ ಸಣ್ಣಮಾರೆಪ್ಪಗ
ಫೋನ್ ಹಚ್ಚಿ ನನ್ನ ಕೈಗೆ ಕೊಟ್ರು.
ಹತ್ತು ವರ್ಷದ ವೈರಿ. ಕಿಲೋಕ್ಕ ಅರ್ಧ ರೂಪಾಯಿ ಇಳಿಸಿ
ನನ್ನ ಗಿರಾಕಿ ಕಸಗೊಂಡಾಂವ.
ಇಬ್ರೂ ಮೊದಲು ಕೆಮ್ಮಿದ್ವಿ.
ಒಂದು ಮಿಸ್ ಕಾಲ್ ಅಂದ್ರ ‘ಬಂದಿದ್ದ, ಕೊಡಲಿಲ್ಲ’,
ಎರಡು ಅಂದ್ರ ‘ನಿನ್ನ ಕಡೆ ಹೊಂಟಾನ, ದೀಪ ಆರಿಸು’.
ಸಹಿ ಇಲ್ಲ, ಸಿಕ್ಕಾ ಇಲ್ಲ.

ಮೂರನೇ ರಾತ್ರಿ ಬಂದ.
ಹೆಗಲ ಮ್ಯಾಲಿನ ಗೋಣಿಚೀಲ ಇನ್ನೂ ಮಿಸುಕಾಡತಿತ್ತು.
‘ವೈನಿ, ನಲವತ್ತು ಕಿಲೋ.’
‘ಐಸ್ ಇಲ್ಲ.’
ನನ್ನ ಬೆನ್ನ ಹಿಂದ ಡಬ್ಬಿಯೊಳಗ
ಟಕ್ಕಂತ ಐಸ್ ಬಿರಿತು. ಇಬ್ರಿಗೂ ಕೇಳಿಸ್ತು.

ಜಗಳಾಡಲಿಲ್ಲ. ಇಷ್ಟ ಅಂದ:
‘ಅಣ್ಣನ ಹೆಣ ಕೆಡಬಾರದಂತ
ಆವತ್ತು ಇಲ್ಲಿಂದ ಐಸ್ ಹೊತ್ತಾಂವ ನಾ.’

ಹೊಳಿಗೆ ಇಳದ. ಹುಟ್ಟಿನ ಸಪ್ಪಳ ದೂರ ಆತು.
ನಾ ಫೋನ್ ತಗದೆ. ಎರಡು ಹೋಗಬೇಕಿತ್ತು,
ಕೈ ನಡುಗಿ ಮೂರು ಹೋದ್ವು.
ಮೂರಕ್ಕ ನಾವು ಅರ್ಥ ಇಟ್ಟಿರಲಿಲ್ಲ.
ಆಚೆ ದಂಡಿ ದೀಪ ಆರಿತು.

ಬೆಳಕು ಹರಿದಾಗ ಹರಗೋಲು ನಡುಹೊಳ್ಯಾಗ ಸುತ್ತತಿತ್ತು.
ನಂಬರ ಅರ್ಧ ಒರಸಿತ್ತು, ಮೂರೂ ಅಲ್ಲ, ಎಂಟೂ ಅಲ್ಲ.
ಅಂವ ಒಳಗ ಮೊಣಕಾಲಿಗೆ ಗದ್ದ ಹಚ್ಚಿ ಕುಂತಿದ್ದ,
ಎರಡೂ ದಂಡಿಗೆ ಕಾಗಿ ನೆರದಿದ್ವು.
ಚೀಲ ಯಾವಾಗ ನೀರಿಗೆ ಬಿಟ್ಟನೋ ಗೊತ್ತಿಲ್ಲ.
ಮಧ್ಯಾಹ್ನ ದಂಡಿಗೆ ಹತ್ತಿದ್ವು, ಹೊಟ್ಟಿ ಒಡದಿತ್ತು,
ಸಾಸಿವಿ ಚೆಲ್ಲಿದಂಗ ತತ್ತಿ.

ಲೆಕ್ಕದ ಪುಸ್ತಕದಾಗ ಹೊಸ ಗೆರಿ ಹಾಕಿ ಬರದೆ:
ಕೊಡದ ಐಸ್, ನಲವತ್ತು ಕಿಲೋ.
ಒಂದು ಗಂಗಾಳದಾಗ ರೊಟ್ಟಿ ಮುಚ್ಚಿಟ್ಟೆ. ಅಂವ ಬರಲಿಲ್ಲ.

ಸಂಜಿಗೆ ಸಣ್ಣಮಾರೆಪ್ಪನ ಫೋನ್ ಬಂತು, ಮಿಸ್ ಕಾಲ್ ಅಲ್ಲ.
‘ಅಕ್ಕಾ, ಮೂರು ಹೊಡದಿದ್ದಿ. ಮೂರು ಅಂದ್ರ ಏನ?’
ತಡದು ಹೇಳಿದೆ: ಮೇಡಂ ಬರಲಿ, ಕೇಳತೀನಿ.
ಆ ನೂರು ದೇಶದವರು ಮೂರಕ್ಕ
ಏನ ಇಟ್ಕೊಂಡಾರೋ.