ಗುಜಿಕ್ ಕುಂಯ್ ಅಂದದ್ದು

ಗ್ದಾನ್ಸ್ಕ್‌ನ ಹಡಗುಕಟ್ಟೆಯಲ್ಲಿ
ದಿನವಿಡೀ ಆಕಾಶದಲ್ಲಿ ಕೂತು ಕ್ರೇನು ನಡೆಸುವ ಝೆಮೊವಿತ್
ಅಡುಗೆಮನೆಯಲ್ಲಿ ಮಂಡಿಯೂರಿದ್ದಾನೆ.
ಗುಜಿಕ್, ಮೊಳದುದ್ದದ ನಾಯಿ,
ಮತ್ತೆ ಕುಂಯ್ ಅಂದಿದೆ.

ಪಾದದ ಸಂದಿಯಲ್ಲಿ ಮುಳ್ಳಿಲ್ಲ.
ಹಲ್ಲು, ಕಿವಿ, ಹೊಟ್ಟೆ.
ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು
ಏನೂ ಕಾಣುತ್ತಿಲ್ಲ ಅಂದಿದ್ದಳು,
ಬಾಚಣಿಗೆಯಂಥ ಬೆನ್ನು, ಅಷ್ಟೇ.

ಚೀಟಿಯಲ್ಲಿ ಬರೆದಿಟ್ಟಿದ್ದ:
ಮಂಗಳವಾರ, ಬಾಗಿಲು ತೆಗೆದಾಗ.
ಗುರುವಾರ, ಸಾಸೇಜು ತೋರಿಸಿದಾಗ.
ನಿನ್ನೆ, ಬರೀ ಹೆಸರು ಕರೆದದ್ದಕ್ಕೆ.
ನಾನೇ ಆಗಿಬರುತ್ತಿಲ್ಲವೇ ಇದಕ್ಕೆ?

ಸೋತು ಅಲ್ಲೇ ಮಲಗಿಬಿಟ್ಟ,
ಕೆನ್ನೆ ನೆಲಕ್ಕೊತ್ತಿ.
ಬಂತು. ಮೂಗಿಗೆ ಮೂಗು ತಾಗಿಸಿತು.
ಸದ್ದಿಲ್ಲ.

ಎದ್ದು ನಿಂತ.
ಅವನ ಮುಖ ಹುಡುಕುತ್ತ ಅದು ತಲೆಯೆತ್ತಿತು.
ಕುಂಯ್.

ಕತ್ತು!

ಆರಡಿ ನಾಲ್ಕಂಗುಲ ಮತ್ತೆ ಮಡಚಿಕೊಂಡಿತು.
ಕೂತಲ್ಲಿಂದಲೇ, ಏಳದೆ,
ಮೇಜಿನ ಮೇಲಿದ್ದ ಫೋನಿಗೆ ತಡಕಾಡಿದ.