ಸಾಕಿದ ನೀರು

ಹಗಲು ಪಾಳಿಯಲ್ಲಿ ನಾನು ಸಮುದ್ರದಿಂದ ಉಪ್ಪು ತೆಗೆಯುತ್ತೇನೆ,
ಹಿದ್ದ್‌ನ ಸ್ಥಾವರದಲ್ಲಿ, ಹನ್ನೊಂದು ವರ್ಷದಿಂದ, ಕಿವಿಗೆ ಹತ್ತಿ ತುರುಕಿಕೊಂಡು.
ರಾತ್ರಿ ಮುಹರ್ರಕ್‌ನ ಮೂರನೇ ಮಹಡಿಯಲ್ಲಿ
ಅದೇ ನೀರನ್ನು ಬಕೆಟ್ಟಿಗೆ ಹಿಡಿದು, ಮತ್ತೊಮ್ಮೆ ಸೋಸಿ,
ದುಡ್ಡು ಕೊಟ್ಟು ತಂದ ಉಪ್ಪು ಕದಡುತ್ತೇನೆ.

ಕಿಟಕಿಯಿಂದ ಕಲ್ಲೆಸೆದರೆ ಸಮುದ್ರಕ್ಕೇ ಬೀಳುತ್ತದೆ.
"ಅಲ್ಲಿಂದಲೇ ಒಂದು ಕೊಡ ತರಬಾರದಾ?" ಎಂದಳು ಜಲಜ.
ತರಬಾರದು. ಈ ಕೊಲ್ಲಿ ಬಿಸಿಲಿಗೆ ಬತ್ತಿ ಬತ್ತಿ
ಉಪ್ಪು ನಲವತ್ತೈದು. ಹವಳಕ್ಕೆ ಬೇಕಾದದ್ದು ಮೂವತ್ತೈದು.
ಮಾಪಕದ ಮುಳ್ಳು ಅಲ್ಲಿ ನಿಂತಾಗ
ನಾಲಗೆಗೆ ಒಂದು ಹನಿ ಹಚ್ಚಿ ನೋಡಿದೆ:
ಮರವಂತೆಯಲ್ಲಿ ಈಜು ಕಲಿಯುವಾಗ ಕುಡಿದ ನೀರು.
ಯಾರಿಗೂ ಹೇಳಲಿಲ್ಲ.

ಅಂಗಡಿಯ ರೊಹೆಲಿಯೋ ಮೀನು ಮಾರಲು ಒಪ್ಪಲಿಲ್ಲ.
ಬದಲಿಗೆ ಕೊಟ್ಟ: ಹಳೆಯ ತೊಟ್ಟಿಯ ಒಂದು ಮುಷ್ಟಿ ಮರಳು,
ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಕಲ್ಲುಗಳು, ಆರು ವಾರದ ಗಡುವು.
"ಹೆಪ್ಪು ಹಾಕುವುದು ಅನ್ನಿ" ಎಂದಳು ಜಲಜ, ಮರಳು ನೋಡಿ.
ನಾನು ಅರ್ಧ ಗಂಟೆ ವಿವರಿಸಲು ಸಿದ್ಧನಾಗಿದ್ದೆ. ಸುಮ್ಮನಾದೆ.

ಹೆಪ್ಪಿಗೂ ಊಟ ಬೇಕಲ್ಲ.
ಗಸಿಗೆಂದು ಇಟ್ಟ ಸಿಗಡಿಯಲ್ಲಿ ದೊಡ್ಡದೊಂದನ್ನು ಆರಿಸಿ
ಖಾಲಿ ತೊಟ್ಟಿಗೆ ಬಿಟ್ಟೆ, ಕೊಳೆಯಲಿ ಎಂದು.
"ಮರ್ಲಾ ನಿಮಗೆ? ಕಿಲೋಗೆ ನಾಲ್ಕು ದಿನಾರ್!"

ನಮ್ಮದು ಮೀನಿನ ಮನೆತನ. ದೋಣಿ ಕಾದರು,
ಬೂತಾಯಿಯ ಹಿಂಡು ಕಾದರು, ಬಲೆ ಒಣಗಲು ಕಾದರು.
ನೀರು ಮೀನಿಗೆ ಯೋಗ್ಯವಾಗಲಿ ಎಂದು ಕಾದವನು ನಾನೇ ಮೊದಲಿಗ.
ಗಂಗೊಳ್ಳಿ ಬಂದರಿನಲ್ಲಿದ್ದ ಅಣ್ಣನಿಗೆ ವಿಡಿಯೋದಲ್ಲಿ ತೋರಿಸಿದೆ.
ಅವನ ಹಿಂದೆ ಐಸು ಪುಡಿ ಮಾಡುವ ಯಂತ್ರದ ಗದ್ದಲ.
"ಮೀನೆಲ್ಲಿ ಮಾರಾಯ?"
"ಇಲ್ಲ."
"ಮತ್ತೆ ಎಂಥ ನೋಡುದು ಅದರಲ್ಲಿ?"

ಒಂಬತ್ತನೇ ದಿನ: ಗಾಜಿನ ನಳಿಗೆ, ಎಂಟು ಹನಿ, ಅಲುಗಾಡಿಸು.
ಅಮೋನಿಯ ಹಳದಿ ಬಿಟ್ಟು ಪಾಚಿಹಸಿರು.
ಹದಿನೇಳು: ನೈಟ್ರೈಟು, ನೇರಳೆ ಹಣ್ಣು ತಿಂದವನ ನಾಲಗೆ.
ಒಂದು ವಿಷ ತಿಂದು ಇನ್ನೊಂದು ವಿಷ ಮಾಡುವವರು,
ಆ ಇನ್ನೊಂದನ್ನು ತಿಂದು
ಹೇಗೋ ಸಹಿಸಬಹುದಾದ ಮೂರನೆಯದನ್ನು ಮಾಡುವವರು;
ಕಣ್ಣಿಗೆ ಕಾಣದ ಎರಡು ಪಾಳಿ,
ಹಾಜರಿ ಪುಸ್ತಕವಿಲ್ಲ.
ಇಪ್ಪತ್ತೆರಡು: ಮರಳಿನ ಮೇಲೆ ಕಂದು ಲೋಳೆ,
ಚೆಲ್ಲಿದ ಚಹಾ ಒರೆಸದೆ ಬಿಟ್ಟ ಹಾಗೆ.
ಕೆಳಗಿನ ಮನೆಯವರು ಬಂದು ನೋಡಿ
ಸಾವಿನ ಮನೆಯಲ್ಲಿ ಆಡುವಂಥ ಮಾತಾಡಿ ಹೋದರು.
ಚಾರ್ವಿ, ಇನ್ನೂ ಬಾರದ ಮೀನಿಗೆ ಇಟ್ಟ ಹೆಸರನ್ನು
ಕಾದು ಕಾದು ಬೇಸತ್ತು
ಪಾರ್ಕಿಂಗಿನ ಬೆಕ್ಕಿಗೆ ಕೊಟ್ಟುಬಿಟ್ಟಳು.

ಆಗಸ್ಟಿನ ಒಂದು ರಾತ್ರಿ ಕರೆಂಟು ಹೋಯಿತು.
ಪಂಪು ನಿಂತಿತು, ಏಸಿ ನಿಂತಿತು,
ಗೋಡೆಗಳು ಹಗಲೆಲ್ಲ ಕುಡಿದ ಶಾಖವನ್ನು ಉಗುಳತೊಡಗಿದವು.
ಉಸಿರಾಟ ನಿಂತರೆ ಹೆಪ್ಪು ಸಾಯುತ್ತದೆ.
ಸೌಟು ಹಿಡಿದು ನೀರು ಎತ್ತಿ ಎತ್ತಿ ಹೊಯ್ದೆ, ಗಾಳಿ ಬೆರೆಯಲೆಂದು.
ಕತ್ತಲಲ್ಲಿ ಜಲಜ ಎದ್ದು, ಏನೂ ಕೇಳದೆ,
ಫ್ರೀಜರಿನ ಐಸು ಬಾಟಲಿಗಳನ್ನು ತಂದು ತೇಲಿಬಿಟ್ಟಳು.
ಒಂದೂ ಮೀನಿಲ್ಲದ ತೊಟ್ಟಿಗೆ!
ನಗು ಬಂತು ಇಬ್ಬರಿಗೂ, ತಡೆಯಲಾರದಷ್ಟು.
ಮೂರು ಗಂಟೆಗೆ "ಸಾಕು" ಎಂದಳು.
ಆ ಪದಕ್ಕೆ ನಮ್ಮಲ್ಲಿ ಎರಡು ಅರ್ಥ.
ನಾನು ಎರಡನೆಯದನ್ನು ಕೇಳಿಸಿಕೊಂಡೆ,
ಸೌಟು ಬಿಡಲಿಲ್ಲ.

ಮೂವತ್ತೆಂಟನೇ ದಿನ ಅಮೋನಿಯ ಸೊನ್ನೆ. ನೈಟ್ರೈಟು ಸೊನ್ನೆ.
ನಳಿಗೆಯನ್ನು ಟ್ಯೂಬ್‌ಲೈಟಿಗೆ ಹಿಡಿದು
ಇನ್ನೊಮ್ಮೆ ನೋಡಿದೆ, ನಂಬದವನಂತೆ.
"ಮೀನು ಬಂದ ಮೇಲೆ ನೀವು ಇಷ್ಟು ನೋಡಲಿಕ್ಕಿಲ್ಲ" ಎಂದಳು ಜಲಜ.
ಇರಬಹುದು. ಅಂಗಡಿಗೆ ಹೋಗುವುದು ಹೇಗೂ ಶುಕ್ರವಾರ.

ಅಷ್ಟರಲ್ಲಿ ಟಾರ್ಚು ಹಿಡಿದ ಚಾರ್ವಿ, ಗಾಜಿಗೆ ಮೂಗೊತ್ತಿ, ಕಿರುಚಿದಳು.
ಕಲ್ಲಿನ ಬಿರುಕಿನಿಂದ ಹೊರಬಿದ್ದು,
ಯಾರೂ ಕೊಳ್ಳದ, ಯಾರೂ ಹೆಸರಿಡದ,
ಅಕ್ಕಿಕಾಳಿನಷ್ಟು ಬಸವನಹುಳು
ಗಾಜು ಹತ್ತುತ್ತಿತ್ತು, ಕಂದು ಲೋಳೆಯಲ್ಲಿ
ಒಂದು ಗೆರೆ ತಿಳಿ ಮಾಡುತ್ತ.
ಗೆರೆ ಇನ್ನೂ ಒಂದು ಇಂಚೂ ಆಗಿರಲಿಲ್ಲ.
ಬೆಳಿಗ್ಗೆ ಐದಕ್ಕೆ ಪಾಳಿಯ ಬಸ್ಸು.
ಟಾರ್ಚು ಆರಿಸು ಎನ್ನುವವರು ಯಾರೂ ಇರಲಿಲ್ಲ.